ನಿಮ್ಮ ದುಡ್ಡು ಎಷ್ಟು ದಿನ ಕಾಯುತ್ತದೆ?

ಹೋದ ಭಾನುವಾರ ಗೋಣಿಕೊಪ್ಪದಲ್ಲಿ ಒಂದಷ್ಟು ಜನರ ಮುಂದೆ ಮಾತಾಡಿದ್ದೆ. ಹಳೆ ಮನೆ ತಗೊಂಡು, ರಿಪೇರಿ ಮಾಡಿ, ಮಾರೋದು ಹೇಗೆ, ಅದನ್ನು ಪಾಲುದಾರರ ಜೊತೆ ಸೇರಿ ಮಾಡೋದು ಹೇಗೆ ಅನ್ನೋದು ವಿಷಯ. ಬರೋಕಾಗದ ಕೆಲವರು ಬರೆದು ಹಾಕಿ ಅಂದರು. ನೆನಪಿದ್ದಷ್ಟನ್ನು ಅದೇ ಮಾತಿನ ಓಟದಲ್ಲಿ ಬರೆದಿದ್ದೇನೆ. ಅಲ್ಲಿ ಹೇಳೋಕೆ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿವೆ.

ಮೊದಲು ನಮ್ಮ ಮೊದಲನೇ ಮನೆಯ ಲೆಕ್ಕ ಹೇಳಿಬಿಡುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರಿಂದಲೇ ಕಲಿತದ್ದು. ವಿರಾಜಪೇಟೆ ಊರಿನ ಅಂಚಿನಲ್ಲಿ 9 ಸೆಂಟ್ ಜಾಗ, ಹಳೆ ಹೆಂಚಿನ ಮನೆ. 32 ಲಕ್ಷಕ್ಕೆ ತಗೊಂಡೆವು. 56 ಲಕ್ಷಕ್ಕೆ ಮಾರಿದೆವು. ಇಷ್ಟು ಕೇಳಿದ ಎಲ್ಲರೂ 24 ಲಕ್ಷ ಲಾಭ ಅಂತಾರೆ. ಸಭೆಯಲ್ಲೂ ಹಾಗೇ ಅಂದರು.

ಈಗ ಪೂರ್ತಿ ಲೆಕ್ಕ ನೋಡಿ. ಮನೆಗೆ 32 ಲಕ್ಷ. ನೋಂದಣಿ, ಸ್ಟಾಂಪ್ ಡ್ಯೂಟಿ, ವಕೀಲರ ಫೀಸು ಸೇರಿ 2 ಲಕ್ಷ 30 ಸಾವಿರ. ತಗೊಳ್ಳುವಾಗಲೂ ಮಾರುವಾಗಲೂ ಬ್ರೋಕರ್‌ಗೆ ಶೇಕಡಾ 2ರಂತೆ ಕೊಟ್ಟದ್ದು 1 ಲಕ್ಷ 76 ಸಾವಿರ. ರಿಪೇರಿಗೆ 9 ಲಕ್ಷ ಅಂದುಕೊಂಡಿದ್ದು 13 ಲಕ್ಷ 40 ಸಾವಿರಕ್ಕೆ ಹೋಗಿ ನಿಂತಿತು. ಒಬ್ಬ ಪಾಲುದಾರ ಸಾಲ ಮಾಡಿ ತಂದ 12 ಲಕ್ಷಕ್ಕೆ 20 ತಿಂಗಳ ಬಡ್ಡಿ 2 ಲಕ್ಷ 40 ಸಾವಿರ. ಕರೆಂಟ್, ಕಂದಾಯ, ಕಾವಲು ಅಂತ ಸಣ್ಣಪುಟ್ಟದ್ದು 60 ಸಾವಿರ. ಎಲ್ಲ ಕೂಡಿಸಿದರೆ 52 ಲಕ್ಷ 46 ಸಾವಿರ. ಉಳಿದದ್ದು 3 ಲಕ್ಷ 54 ಸಾವಿರ. ಮೂರು ಜನ, 20 ತಿಂಗಳು. ಅದರ ಮೇಲೆ ತೆರಿಗೆ.

ನಷ್ಟ ಆಗಲಿಲ್ಲ, ನಿಜ. ಆದರೆ ಈ 20 ತಿಂಗಳಲ್ಲಿ ನಾನೂ ನನ್ನ ಭಾವನೂ ಸುಮಾರು ಐದು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಅದು ಯಾಕೆ ಅಂತ ಹೇಳುವುದಕ್ಕೇ ನಾನು ಅಲ್ಲಿಗೆ ಹೋಗಿದ್ದು.

ನಾವು ಮೂರು ಜನ. ನಾನು 18 ಲಕ್ಷ ಹಾಕಿದೆ. ಭಾವ, ಅಂದರೆ ನನ್ನ ಅಕ್ಕನ ಗಂಡ, 20 ಲಕ್ಷ ಹಾಕಿದರು. ಮೂರನೆಯವರು ನಮ್ಮ ಮೇಸ್ತ್ರಿ. ಅವರದ್ದು 6 ಲಕ್ಷ ಮತ್ತು ಕೆಲಸ. ಒಟ್ಟು 44 ಲಕ್ಷ, ಅಂದುಕೊಂಡ ಖರ್ಚಿಗೆ ಸರಿಹೋಗುತ್ತಿತ್ತು. ಕಾಗದ ಯಾಕೆ, ಮನೆಯವರೇ ಅಲ್ವಾ ಅಂತ ಬರೆಯಲಿಲ್ಲ. ಮೂರು ಜನರ ಹೆಸರಿಗೂ ನೋಂದಣಿ ಮಾಡಿಸಿದೆವು, ಅಷ್ಟೇ. ಯಾರು ಎಷ್ಟು ಹಾಕುತ್ತಾರೆ ಅಂತ ಕೇಳಿದ್ದೆ. ಆ ದುಡ್ಡು ಎಲ್ಲಿಂದ ಬಂತು, ಯಾವಾಗ ವಾಪಸ್ ಬೇಕು ಅಂತ ಒಂದು ಸಲವೂ ಕೇಳಲಿಲ್ಲ.

ಮಾರ್ಚ್ ಕೊನೆಗೆ ನೋಂದಣಿ ಆಯಿತು. ಅಸಲಿಗೆ ಜನವರಿಯಲ್ಲೇ ಆಗಬೇಕಿತ್ತು, ಆದರೆ ಮಾರುವವರ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿತ್ತು, ಅದು ಮಕ್ಕಳ ಹೆಸರಿಗೆ ಬರುವಷ್ಟರಲ್ಲಿ ಕಾಫಿ ಕೊಯ್ಲೂ ಮುಗಿದು ಹೂ ಮಳೆ ಬಂದು ಹೋಯಿತು. ಏಪ್ರಿಲ್‌ನಲ್ಲಿ ಕೆಲಸ ಶುರು. ಒಳಗಿನ ಗೋಡೆ, ಬಚ್ಚಲು, ವೈರಿಂಗ್ ಎಲ್ಲ ಚೆನ್ನಾಗೇ ಸಾಗಿತ್ತು. ಮೇ ತಿಂಗಳ ನಡುವಿನಲ್ಲಿ ಮಾಡಿನ, ಅಂದರೆ ಚಾವಣಿಯ, ಹೆಂಚು ಇಳಿಸೋ ಮಾತು ಬಂತು. ಮೇಸ್ತ್ರಿ ಬಂದು, "ಅಣ್ಣಾ, ಈಗ ಮಾಡು ಬಿಚ್ಚೋದು ಬೇಡ. ನವೆಂಬರ್‌ಗೆ ಮಾಡುವ" ಅಂದರು. ನನಗೆ ಮಳೆಗಾಲಕ್ಕೆ ಮೊದಲು ಮುಗಿಸಿ ಮಾರಬೇಕಿತ್ತು. ಹದಿನೈದು ದಿನದ ಕೆಲಸ ತಾನೇ, ಬಿಚ್ಚಿ ಅಂದೆ.

ಬಿಚ್ಚಿದ ಮೇಲೆ ಗೊತ್ತಾಯಿತು, ಹೆಂಚು ಹೊರುವ ಪಕ್ಕಾಸುಗಳಲ್ಲಿ ಅರ್ಧಕ್ಕರ್ಧ ಒಳಗಿಂದ ಗೆದ್ದಲು ತಿಂದಿತ್ತು. ಕೆಳಗಿಂದ ನೋಡಿದರೆ ಒಳ್ಳೆ ಹಲಸಿನ ಮರ, ಕರ್ರಗೆ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯ ತನಕ ಇಳಿಯುತ್ತಿತ್ತು. ಹೊಸ ಮರ ಹುಡುಕಿ, ಕೊಯ್ಯಿಸಿ ತರುವಷ್ಟರಲ್ಲಿ ಜೂನ್ ಮೊದಲ ವಾರ. ನೀಲಿ ಟಾರ್ಪಾಲು ಕಟ್ಟಿದೆವು. ಒಂದು ರಾತ್ರಿ ಎರಡು ಗಂಟೆಗೆ ಮೇಸ್ತ್ರಿ ಫೋನ್ ಮಾಡಿದರು, ಗಾಳಿಗೆ ಟಾರ್ಪಾಲು ಹರಿದಿದೆ ಅಂತ. ನಾನು ಹೋಗುವಷ್ಟರಲ್ಲಿ ಅವರು ಗೋಡೆ ಮೇಲೆ ಕಾಲು ಚಾಚಿ ಕೂತು ಹಗ್ಗ ಹಿಡಿದುಕೊಂಡಿದ್ದರು, ತಲೆ ಮೇಲೆ ಗೊರಬೂ ಇಲ್ಲ. ಒಳಗೆ ಹೊಸ ಗಾರೆ, ಹೊಸ ಸ್ವಿಚ್ ಬೋರ್ಡು, ಎಲ್ಲದರ ಮೇಲೆ ನೀರು ಇಳಿಯುತ್ತಿತ್ತು. ಮಣ್ಣಿನ ಗೋಡೆ ಅದು, ನೆನೆದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಹಿಂದಿನ ಗೋಡೆಯ ಒಂದು ಮೂಲೆ ಮೂರನೇ ದಿನ ಬಿತ್ತು. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ.

4 ಲಕ್ಷ 40 ಸಾವಿರ ಜಾಸ್ತಿ ಖರ್ಚು ಬಂದದ್ದು ಹೀಗೆ. ಕೆಲಸ ನಿಂತು ಮತ್ತೆ ಶುರುವಾಗಿದ್ದು ನವೆಂಬರ್‌ನಲ್ಲಿ. ಕೊಡಗಿನಲ್ಲಿ ಮನೆ ಕೆಲಸಕ್ಕೆ ವರ್ಷಕ್ಕೆ ಹನ್ನೆರಡು ತಿಂಗಳು ಇಲ್ಲ, ಹೆಚ್ಚೆಂದರೆ ಆರೂವರೆ. ಬೇರೆ ಊರಿನವರು ಹೇಳುವ ಯಾವ ಲೆಕ್ಕವನ್ನೂ ಇಲ್ಲಿಗೆ ಹಾಗೇ ತಂದು ಹಾಕಬೇಡಿ. ತಲೆ ಮೇಲಿನದ್ದು, ಹೊರಗಿನದ್ದು, ಮಣ್ಣು ಅಗೆಯೋದು, ಇವೆಲ್ಲ ನವೆಂಬರ್‌ನಿಂದ ಏಪ್ರಿಲ್ ಒಳಗೆ. ಒಳಗಿನ ಕೆಲಸ ಮಳೆಗೂ ಇಟ್ಟುಕೊಳ್ಳಬಹುದು, ಗಾರೆ ಒಣಗೋಕೆ ಕಾಯುವ ತಾಳ್ಮೆ ಇದ್ದರೆ. ಹಾಗಾಗಿ ಮನೆ ಮಳೆಗಾಲದಲ್ಲಿ ನೋಡಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕಾಗದ ಮುಗಿಸಿ, ಮಳೆ ಬಿಟ್ಟ ಕೂಡಲೇ ಮಾಡಿಗೆ ಕೈ ಹಾಕಿ.

ಈಗ ಅಕ್ಕನ ವಿಷಯ. ಆ ವರ್ಷ ಡಿಸೆಂಬರ್‌ನಲ್ಲಿ ನಮ್ಮ ನೆಂಟರ ಮನೆ ಮದುವೆ. ಅಕ್ಕ ಬಂದಿದ್ದಳು, ಕುತ್ತಿಗೆಯಲ್ಲಿ ಒಂದು ಎಳೆ ಸಣ್ಣ ಚೈನು. ಅವಳ ಎರಡೆಳೆ ಸರ, ಅಮ್ಮ ಕೊಟ್ಟ ಬಳೆ, ಯಾವುದೂ ಇಲ್ಲ. ನಾನು ಸುಮ್ನೆ ಕೇಳಿದೆ, "ಸರ ಎಲ್ಲಕ್ಕಾ?" ಅಂತ. ಅವಳು ಊಟದ ಎಲೆ ನೋಡುತ್ತಾ, "ನಿಮ್ಮ ವಿರಾಜಪೇಟೆ ಮನೆಯಲ್ಲಿದೆ" ಅಂದಳು. ಭಾವನ 20 ಲಕ್ಷದಲ್ಲಿ 12 ಲಕ್ಷ ಚಿನ್ನದ ಸಾಲ. ವರ್ಷದೊಳಗೆ ತೀರಿಸಬೇಕು, ಇಲ್ಲಾ ಬಡ್ಡಿ ಕಟ್ಟಿ ಮುಂದಕ್ಕೆ ಹಾಕಿಸಬೇಕು. ಭಾವ ಲೆಕ್ಕ ಹಾಕಿದ್ದು ಆರು ತಿಂಗಳಿಗೆ. ನನ್ನ ದುಡ್ಡು ಠೇವಣಿಯಿಂದ ತೆಗೆದದ್ದು, ಅದು ಮೂರು ವರ್ಷ ಬೇಕಾದರೂ ಕಾಯುತ್ತಿತ್ತು. ಒಂದೇ ಮನೆಗೆ ಹಾಕಿದ ದುಡ್ಡು, ಒಂದಕ್ಕೆ ಅವಸರ, ಇನ್ನೊಂದಕ್ಕೆ ಇಲ್ಲ. ನಾವು ಯಾವ ವಿಷಯಕ್ಕೆ ಜಗಳ ಆಡಿದರೂ ಅದರ ಕೆಳಗೆ ಇದೇ ಇತ್ತು, ಆಗ ಗೊತ್ತಾಗಲಿಲ್ಲ.

ಉದಾಹರಣೆಗೆ, ಫೆಬ್ರವರಿಯಲ್ಲಿ ಕೆಲಸ ಮುಗಿಯಿತು. ನಾನು 65 ಲಕ್ಷ ಹೇಳಿದೆ. ಏಪ್ರಿಲ್‌ನಲ್ಲಿ ಒಬ್ಬರು 54 ಲಕ್ಷಕ್ಕೆ ಕೇಳಿದರು. ಭಾವ ಕೊಟ್ಟುಬಿಡೋಣ ಅಂದರು, ನಾನು ಬೇಡ ಅಂದೆ. ಏಳು ತಿಂಗಳ ನಂತರ ನವೆಂಬರ್‌ನಲ್ಲಿ 56ಕ್ಕೆ ಹೋಯಿತು. ಎರಡು ಲಕ್ಷ ಜಾಸ್ತಿ ಬಂತು ಅಂತ ನಾನು ಸ್ವಲ್ಪ ದಿನ ಸಮಾಧಾನವಾಗಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಮನೆಯೊಳಗೆ ಆಗ 48 ಲಕ್ಷ ಸಿಕ್ಕಿಹಾಕಿಕೊಂಡಿತ್ತು. ತಿಂಗಳಿಗೆ ಶೇಕಡಾ 1ರಂತೆ ಹಿಡಿದರೂ ಏಳು ತಿಂಗಳಿಗೆ 3 ಲಕ್ಷ 36 ಸಾವಿರ. ಎರಡು ಲಕ್ಷ ಹೆಚ್ಚಿಗೆ ಪಡೆಯೋಕೆ ಮೂರೂಕಾಲು ಲಕ್ಷ ಕಳೆದೆವು, ಜೊತೆಗೆ ಇನ್ನೊಂದು ಮಳೆಗಾಲ ಆ ಮನೆಯಲ್ಲಿ ತೇವ ಹೋಗೋಕೆ ಒಲೆ ಉರಿಸಿ, ಕಿಟಕಿ ತೆಗೆದು, ಬೂಷ್ಟು ಒರೆಸಿ ಕಾಯುವ ಕೆಲಸ. ಭಾವ ಹೇಳಿದ್ದೇ ಸರಿ ಇತ್ತು. ಅವರಿಗೆ ಅದನ್ನು ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಕೊನೆಗೆ ಹಂಚುವಾಗ ಎರಡು ಪ್ರಶ್ನೆ ಎದ್ದವು. ಭಾವನ ಚಿನ್ನದ ಸಾಲದ ಬಡ್ಡಿ ಯಾರ ಖರ್ಚು? ಮನೆಗಾಗಿ ತಂದ ದುಡ್ಡು, ಮನೆ ಖರ್ಚು ಅಂದರು ಅವರು. ನಿಮ್ಮ ಪಾಲು ನೀವು ಎಲ್ಲಿಂದಾದರೂ ತನ್ನಿ, ಅದು ನಿಮ್ಮದು ಅಂತ ನನ್ನ ವಾದ. ಎರಡನೆಯದು, ಮೇಸ್ತ್ರಿ ಕೂಲಿ. ತಿಂಗಳುಗಟ್ಟಲೆ ದುಡಿದವರಿಗೆ ಕೂಲಿ ಕೊಟ್ಟು ಆಮೇಲೆ ಲಾಭದ ಪಾಲು ಕೊಡಬೇಕಾ, ಇಲ್ಲಾ ಪಾಲಿನಲ್ಲೇ ಕೂಲಿ ಸೇರಿತಾ?

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ನಾನು ಆಮೇಲೆ ಓದಿದೆ. ನೀವು ಮೊದಲೇ ಓದಿ. ನಮ್ಮ ಪಾಲುದಾರಿಕೆ ಕಾಯಿದೆ 1932ರದ್ದು. ಒಂದೇ ಒಂದು ಮನೆಗೆ ಸೇರಿದರೂ ಅದು ಪಾಲುದಾರಿಕೆ ಆಗಬಹುದು. ನೀವು ಏನೂ ಬರೆದುಕೊಳ್ಳದಿದ್ದರೆ ಆ ಕಾಯಿದೆ ನಿಮ್ಮ ಪರವಾಗಿ ಕೆಲವು ವಿಷಯ ತೀರ್ಮಾನ ಮಾಡಿಬಿಡುತ್ತದೆ. ಲಾಭ ನಷ್ಟ ಎಲ್ಲರಿಗೂ ಸಮಪಾಲು, ಒಬ್ಬ 20 ಲಕ್ಷ ಹಾಕಲಿ, ಇನ್ನೊಬ್ಬ 6 ಲಕ್ಷ ಹಾಕಲಿ. ಕೆಲಸ ಮಾಡಿದ ಪಾಲುದಾರನಿಗೆ ಅದಕ್ಕಾಗಿ ಸಂಬಳ ಇಲ್ಲ. ಒಪ್ಪಿದ ಬಂಡವಾಳಕ್ಕಿಂತ ಜಾಸ್ತಿ ಯಾರಾದರೂ ಹಾಕಿದರೆ ಆ ಹೆಚ್ಚಿನ ಮೊತ್ತಕ್ಕೆ ವರ್ಷಕ್ಕೆ ಶೇಕಡಾ 6 ಬಡ್ಡಿ. ಒಬ್ಬರು ತೀರಿಕೊಂಡರೆ ಫರ್ಮ್ ಅಲ್ಲಿಗೇ ಮುಗಿಯಿತು. ಫರ್ಮ್ ನೋಂದಣಿ ಆಗಿರದಿದ್ದರೆ ಕರಾರಿನ ಹಕ್ಕಿಗಾಗಿ ಒಬ್ಬರ ಮೇಲೊಬ್ಬರು ದಾವೆ ಹೂಡುವುದಕ್ಕೂ ಅಡ್ಡಿ ಬರುತ್ತದೆ. ಇನ್ನೊಂದು, ಸಾಮಾನ್ಯ ಪಾಲುದಾರಿಕೆಯಲ್ಲಿ ಫರ್ಮಿನ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ. ಅದು ಬೇಡ ಅನ್ನುವವರಿಗೆ 2008ರ ಕಾಯಿದೆಯ ಪ್ರಕಾರ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿಕೊಳ್ಳುವ ದಾರಿ ಇದೆ, ಆದರೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವ ಖರ್ಚು ಇರುತ್ತದೆ. ಒಂದು ಮನೆಗೆ ಅದು ಭಾರ. ಮೂರನೇ ನಾಲ್ಕನೇ ಮನೆಗೆ ಯೋಚನೆ ಮಾಡಿ.

ನಮ್ಮ ಮೇಸ್ತ್ರಿಗೆ ಕಾನೂನಿನ ಪ್ರಕಾರ ಕೂಲಿ ಸಿಗುತ್ತಿರಲಿಲ್ಲ ಅನ್ನೋದು ನನ್ನನ್ನು ತುಂಬಾ ಕಾಡಿತು. ರಾತ್ರಿ ಎರಡು ಗಂಟೆಗೆ ಗೋಡೆ ಮೇಲೆ ಕೂತು ಹಗ್ಗ ಹಿಡಿದ ಮನುಷ್ಯ ಅವರು.

ಎರಡನೇ ಮನೆಗೆ, ಅದು ಕುಶಾಲನಗರದಲ್ಲಿ, ನಾವೇ ಮೂವರು ಮತ್ತೆ ಸೇರಿದೆವು. ಈ ಸಲ ನಾಲ್ಕು ಪುಟದ ಕರಾರು. ಅದರಲ್ಲಿ ಮುಖ್ಯವಾದದ್ದು ಹೇಳುತ್ತೇನೆ. ಯಾರ ದುಡ್ಡೇ ಆಗಲಿ, ಠೇವಣಿಯದ್ದಾಗಲಿ ಸಾಲದ್ದಾಗಲಿ, ಹಾಕಿದ ದಿನದಿಂದ ವರ್ಷಕ್ಕೆ ಶೇಕಡಾ 12 ಬಡ್ಡಿ. ಲಾಭ ಹಂಚುವ ಮೊದಲು ಈ ಬಡ್ಡಿ ಎಲ್ಲರಿಗೂ ಹೋಗಬೇಕು. ಆಗ ಭಾವನ ಸಾಲ ಯಾರ ಖರ್ಚು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಕಾಯುವ ಕೆಲಸಕ್ಕೂ ಬೆಲೆ ಸಿಕ್ಕಿತು. ಶೇಕಡಾ 12 ಅಂತ ಇಟ್ಟದ್ದಕ್ಕೆ ಇನ್ನೊಂದು ಕಾರಣ ಇದೆ, ಕರಾರಿನಲ್ಲಿ ಬರೆದಿದ್ದರೆ ಪಾಲುದಾರರ ಬಂಡವಾಳದ ಬಡ್ಡಿಯನ್ನು ಅಷ್ಟರ ತನಕ ಫರ್ಮಿನ ಖರ್ಚು ಅಂತ ತೋರಿಸೋಕೆ ಆದಾಯ ತೆರಿಗೆ ಕಾನೂನು ಬಿಡುತ್ತದೆ.

ಮೇಸ್ತ್ರಿಗೆ ವಾರದ ಕೂಲಿ, ಎಲ್ಲ ಕೆಲಸದವರ ಜೊತೆ ಶನಿವಾರ ಸಂಜೆ. ಲಾಭದ ಪಾಲು ಬೇರೆ. ಖರ್ಚು ಅಂದಾಜು ಮೀರಿದರೆ ಯಾರು ಎಷ್ಟು ಹಾಕಬೇಕು, ಹಾಕೋಕೆ ಆಗದವರ ಪಾಲು ಎಷ್ಟು ಇಳಿಯುತ್ತದೆ ಅನ್ನೋದನ್ನೂ ಬರೆದೆವು. ಆಮೇಲೆ ಮಾರುವ ಬೆಲೆ. ಈ ಬೆಲೆ ಬಂದರೆ ಯಾರೂ ಬೇಡ ಅನ್ನುವಂತಿಲ್ಲ ಅಂತ ಒಂದು ಮೊತ್ತ ಮೊದಲೇ ನಿಗದಿ ಮಾಡಿದೆವು. ಆರು ತಿಂಗಳಲ್ಲಿ ಆ ಬೆಲೆ ಬರದಿದ್ದರೆ ಮೂವರಲ್ಲಿ ಇಬ್ಬರು ಹೇಳಿದ್ದಕ್ಕೆ ಮೂರನೆಯವರು ಸಹಿ ಹಾಕಬೇಕು. ಯಾರಿಗಾದರೂ ಏನಾದರೂ ಆದರೆ ಅವರ ಜಾಗಕ್ಕೆ ಯಾರು, ಅದೂ ಇದೆ. ಆ ಸಾಲು ಬರೆಯುವಾಗ ಭಾವ ಅಕ್ಕನ ಹೆಸರು ಹೇಳಿದರು. ಅಕ್ಕ ಅಲ್ಲೇ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದಳು. "ನನ್ನ ಹೆಸರು ಹಾಕೋದಾದರೆ ನಾನೂ ಪೂರ್ತಿ ಓದಬೇಕು" ಅಂದಳು. ಓದಿದಳು, ಎರಡು ಕಡೆ ತಿದ್ದಿಸಿದಳು. ಮನೆಯ ಹೆಂಗಸರು ಓದದ ಕರಾರಿಗೆ ನಾನು ಈಗ ಸಹಿ ಹಾಕುವುದಿಲ್ಲ.

ಮನೆ ಆರಿಸುವ ವಿಷಯಕ್ಕೆ ಬರೋಣ. ಈ ವ್ಯಾಪಾರವನ್ನು ಅಮೆರಿಕದಲ್ಲಿ ಫ್ಲಿಪ್ಪಿಂಗ್ ಅಂತಾರೆ. ಅಲ್ಲಿನವರ ಒಂದು ಸರಳ ಲೆಕ್ಕ ಇದೆ, ಶೇಕಡಾ 70ರ ಲೆಕ್ಕ. ರಿಪೇರಿ ಆದ ಮೇಲೆ ಮನೆ ಎಷ್ಟಕ್ಕೆ ಹೋಗುತ್ತದೋ ಅದರ ಶೇಕಡಾ 70 ತಗೊಳ್ಳಿ, ಅದರಿಂದ ರಿಪೇರಿ ಖರ್ಚು ಕಳೆಯಿರಿ, ಉಳಿದದ್ದಕ್ಕಿಂತ ಜಾಸ್ತಿ ಕೊಟ್ಟು ಮನೆ ತಗೊಬೇಡಿ. ನಮ್ಮ ವಿರಾಜಪೇಟೆ ಮನೆಗೆ ಹಾಕಿ ನೋಡಿ. 56ರ ಶೇಕಡಾ 70 ಅಂದರೆ 39 ಲಕ್ಷ 20 ಸಾವಿರ. 13 ಲಕ್ಷ 40 ಸಾವಿರ ಕಳೆದರೆ 25 ಲಕ್ಷ 80 ಸಾವಿರ. ನಾವು ಕೊಟ್ಟದ್ದು 32. ನಾವು ಮೊದಲು ಅಂದುಕೊಂಡ 9 ಲಕ್ಷವನ್ನೇ ಕಳೆದರೂ 30 ಲಕ್ಷ 20 ಸಾವಿರ ಬರುತ್ತದೆ. ಅಂದರೆ ತಗೊಂಡ ದಿನವೇ ನಾವು ಜಾಸ್ತಿ ಕೊಟ್ಟಿದ್ದೆವು. ನಮ್ಮ ಕಡೆ ಈ ಲೆಕ್ಕವನ್ನು ಇನ್ನೂ ಬಿಗಿ ಹಿಡಿಯಬೇಕು, ಯಾಕಂದ್ರೆ ನೋಂದಣಿ ಖರ್ಚು ದೊಡ್ಡದು. ಸ್ಟಾಂಪ್ ಡ್ಯೂಟಿ ಶೇಕಡಾ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಒಟ್ಟು ಶೇಕಡಾ 7.6ರ ಹತ್ತಿರ. 40 ಲಕ್ಷದ ಮನೆಗೆ 3 ಲಕ್ಷ ರೂಪಾಯಿ ಒಂದು ಮೊಳೆ ಹೊಡೆಯುವ ಮೊದಲೇ ಹೋಯಿತು.

ಕಾಗದದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೊಸಬರು ಜಮ್ಮಾ ಜಾಗದ ಕಡೆ, ಅಂದರೆ ಕೊಡಗಿನ ಕುಟುಂಬಗಳಿಗೆ ತಲೆತಲಾಂತರದಿಂದ ಬಂದ ಜಂಟಿ ಜಾಗದ ಕಡೆ, ಹೋಗಬೇಡಿ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಜೊತೆ ಕುಟುಂಬದ ಹತ್ತಾರು ಹೆಸರು ಇರುತ್ತವೆ, ಒಬ್ಬರು ಮೈಸೂರಲ್ಲಿ, ಒಬ್ಬರು ದುಬೈನಲ್ಲಿ, ಒಬ್ಬರು ಸೈನ್ಯದಲ್ಲಿ. ಎಲ್ಲರ ಒಪ್ಪಿಗೆ ಸೇರಿಸುವಷ್ಟರಲ್ಲಿ ನಿಮ್ಮ ಸಾಲದ ಬಡ್ಡಿ ಮನೆಯಷ್ಟಾಗಿರುತ್ತದೆ. ಅದು ಅವರ ಹಿರಿಯರ ಜಾಗ, ಅದಕ್ಕೊಂದು ಮರ್ಯಾದೆ ಇದೆ, ನಮ್ಮ ಅವಸರದ ವ್ಯಾಪಾರಕ್ಕೆ ಅದು ಸಲ್ಲುವುದೂ ಇಲ್ಲ. ಊರೊಳಗಿನ, ಖಾತೆ ಇರುವ, ಒಬ್ಬಿಬ್ಬರ ಹೆಸರಿನಲ್ಲಿರುವ ಮನೆ ನೋಡಿ. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ಮುಂಗಡ ಕೊಡುವ ಮೊದಲೇ ಕೇಳಿ, ಆಮೇಲೆ ಮಾಡಿಸಿಕೊಡುತ್ತೇವೆ ಅಂದರೆ ಮಾಡಿಸಿದ ಮೇಲೆ ಬರುತ್ತೇವೆ ಅನ್ನಿ. ಪಿತ್ರಾರ್ಜಿತ ಆಸ್ತಿ ಆದರೆ ಹೆಣ್ಣುಮಕ್ಕಳ ಸಹಿ ಇರಲೇಬೇಕು, ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರ ತಿದ್ದುಪಡಿ ಆದ ಮೇಲೆ ಅವರಿಗೂ ಸಮಪಾಲು. ಅವರು ಏನೂ ಕೇಳಲ್ಲ ಬಿಡಿ ಅಂತ ಅಣ್ಣತಮ್ಮಂದಿರು ಹೇಳುತ್ತಾರೆ. ಅವರನ್ನೇ ಕೇಳಿ. ಜಿಪಿಎ, ಅಂದರೆ ಮಾಲೀಕರು ಬರೆದುಕೊಡುವ ಅಧಿಕಾರ ಪತ್ರದ, ಮೇಲೆ ಮನೆ ತಗೊಂಡು ಜಿಪಿಎ ಮೇಲೆ ಮಾರೋಣ, ನೋಂದಣಿ ಖರ್ಚು ಉಳಿಯುತ್ತೆ ಅಂತ ಹೇಳುವವರೂ ಸಿಗುತ್ತಾರೆ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ನಗದಿನ ಮಾತು ಬಂದೇ ಬರುತ್ತದೆ. ಸ್ವಲ್ಪ ಕೈಯಲ್ಲಿ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂತ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ನೀವು ವರ್ಷದೊಳಗೆ ಅದೇ ಮನೆ ಮಾರುವವರು. ತಗೊಂಡ ಬೆಲೆ ಕಡಿಮೆ ತೋರಿಸಿದರೆ ನಾಳೆ ನಿಮ್ಮ ಲಾಭ ಕಾಗದದಲ್ಲಿ ಅಷ್ಟೂ ಜಾಸ್ತಿ ಕಾಣುತ್ತದೆ, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುತ್ತೀರಿ. ಪಾಲುದಾರರ ನಡುವೆಯೂ ಲೆಕ್ಕ ತೋರಿಸೋಕೆ ಆಗದ ದುಡ್ಡು ಒಂದು ಉಳಿದುಹೋಗುತ್ತದೆ, ಅದರಷ್ಟು ಕೆಟ್ಟದ್ದು ಬೇರೆ ಇಲ್ಲ.

ತೆರಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಬ್ಬ ಒಳ್ಳೆ ಸಿಎ ಹತ್ತಿರ ಹೋಗಿ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಬೇರೆ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಅದು ದಾಟಿದರೆ ಶೇಕಡಾ 12.5. ಇದನ್ನೇ ಕಸುಬಾಗಿ ಮಾಡುತ್ತಾ ಹೋದರೆ ವ್ಯಾಪಾರದ ಆದಾಯ ಅಂತಲೇ ನೋಡುತ್ತಾರೆ. 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಮನೆ ತಗೊಂಡರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇಕಡಾ 1 ಟಿಡಿಎಸ್, ಅಂದರೆ ಅವರ ತೆರಿಗೆ ಅಂತ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ ಶೇಕಡಾ 1 ಅನ್ವಯ ಆಗಲ್ಲ, ಹಿಡಿಯಬೇಕಾದದ್ದು ಅದಕ್ಕಿಂತ ತುಂಬಾ ಜಾಸ್ತಿ. ಕೊಡಗಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ, ಅದಕ್ಕೇ ಹೇಳಿದೆ.

ಇನ್ನು ಬರೆ, ಅಂದರೆ ಮನೆ ಪಕ್ಕದ ಕಡಿದಾದ ಮಣ್ಣಿನ ಗುಡ್ಡ. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಮಾರನೇ ವರ್ಷ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಇಷ್ಟು ನೋಡಿದ ಮೇಲೂ ಜೆಸಿಬಿ ತಂದು ಗುಡ್ಡವನ್ನು ನೇರವಾಗಿ ಕೊರೆದು, ಬರೆಗೆ ಆರು ಅಡಿ ಬಿಟ್ಟು ಮನೆ ಕಟ್ಟುವುದು ನಿಂತಿಲ್ಲ. ಅಂಥ ಮನೆಗಳು ಕಡಿಮೆ ಬೆಲೆಗೆ ಮಾರಾಟಕ್ಕೆ ಬರುತ್ತವೆ, ಬಣ್ಣ ಹೊಡೆದರೆ ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತವೆ. ನೀವು ಮಾರಿದ ಮೇಲೆ ಅಲ್ಲಿ ಯಾರದೋ ಮಕ್ಕಳು ಮಲಗುತ್ತಾರೆ.

ಹಾಗಾಗಿ ಮನೆಯ ಮುಂಬಾಗಿಲಿಗೆ ಹೋಗಬೇಡಿ, ಮೊದಲು ಹಿಂದೆ ಹೋಗಿ. ಬರೆಯ ನೆತ್ತಿಯಲ್ಲಿ ಬಿರುಕು ಇದೆಯಾ, ಅಲ್ಲಿನ ಮರ ಅಥವಾ ಕರೆಂಟ್ ಕಂಬ ಮನೆ ಕಡೆ ವಾಲಿದೆಯಾ, ಬುಡದಲ್ಲಿ ಹೊಸದಾಗಿ ಕೆಸರು ನೀರು ಒಸರುತ್ತಿದೆಯಾ ನೋಡಿ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೋಗುವ ತೂತುಗಳಿವೆಯಾ, ಮಳೆ ಬರುವಾಗ ಅವುಗಳಲ್ಲಿ ನೀರು ಬರುತ್ತಿದೆಯಾ. ತೂತಿಲ್ಲದ ತಡೆಗೋಡೆ ಹಿಂದೆ ನೀರು ತುಂಬಿ ಗೋಡೆಯನ್ನೇ ತಳ್ಳುತ್ತದೆ. ಇದಕ್ಕೇ ಮಳೆಯಲ್ಲಿ ಮನೆ ನೋಡಿ ಅಂದದ್ದು. ಬಯಲು ಜಾಗ ಅಂತ ಕುಶಾಲನಗರ ಕಡೆ ಹೋದರೆ ಬರೆ ಇರಲ್ಲ, ಆದರೆ 2018 ಮತ್ತು 2019ರಲ್ಲಿ ಕಾವೇರಿ ನೀರು ಎಲ್ಲಿ ತನಕ ಬಂದಿತ್ತು ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿ. ಮಾರುವವರನ್ನು ಕೇಳಬೇಡಿ. ನಾವು ಎರಡನೇ ಮನೆ ನೋಡುವಾಗ ಪಕ್ಕದ ಅಜ್ಜಿಯೊಬ್ಬರು ತಮ್ಮ ಗೋಡೆ ಮೇಲಿನ ಕಲೆಯನ್ನೇ ಕೈಯಿಟ್ಟು ತೋರಿಸಿದರು, ಸೊಂಟದೆತ್ತರ. ಆ ಮನೆ ಬಿಟ್ಟೆವು. ಎರಡು ಬೀದಿ ಮೇಲೆ ಇನ್ನೊಂದು ತಗೊಂಡೆವು.

ಖರ್ಚು ಎಲ್ಲಿ ಮಾಡಬೇಕು ಅಂತ ಒಬ್ಬರು ಕೇಳಿದರು. ಮಾಡು, ಹಿಂದಿನ ಚರಂಡಿ, ವೈರಿಂಗ್, ಬಚ್ಚಲು, ನೀರಿನ ಟ್ಯಾಂಕು. ತಾರಸಿ ಮನೆ ಆದರೆ ಅದರ ಮೇಲೆ ಶೀಟ್ ಹಾಕಿಸಿ, ನಮ್ಮ ಮಳೆಗೆ ಬರೀ ತಾರಸಿ ನಿಲ್ಲುವುದಿಲ್ಲ. ಫಾಲ್ಸ್ ಸೀಲಿಂಗ್ ಬೇಡ, ಎರಡನೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹಳೆ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಯಬೇಡಿ, ಒಳಗಿನ ತೇವ ಹೊರಗೆ ಬರೋಕಾಗದೆ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ, ಸುಣ್ಣದ ಗಾರೆಯೇ ಅದಕ್ಕೆ ಸರಿ. ವಿರಾಜಪೇಟೆ ಮನೆ ತಗೊಂಡವರು ಸೈನ್ಯದಿಂದ ನಿವೃತ್ತರಾದವರು ಮತ್ತು ಅವರ ಹೆಂಡತಿ. ನಾವು ಹೊಸ ಅಡುಗೆ ಮನೆ ಕಪಾಟು ತೋರಿಸುತ್ತಿದ್ದೆವು. ಅವರು ಕೊಳಾಯಿ ತಿರುಗಿಸಿ ನೀರಿನ ರಭಸ ನೋಡಿದರು, ಮುಂದಿನ ಮೆಟ್ಟಿಲು ಎಣಿಸಿದರು, "ಮಂಡಿ ನೋವಿಗೆ ಇಷ್ಟು ಮೆಟ್ಟಿಲು ಕಷ್ಟ, ಪಕ್ಕದಲ್ಲಿ ಇಳಿಜಾರು ಮಾಡಿಕೊಡ್ತೀರಾ?" ಅಂತ ಕೇಳಿದರು. ಮೇಸ್ತ್ರಿ ಎರಡು ದಿನದಲ್ಲಿ ಮಾಡಿಕೊಟ್ಟರು. ವ್ಯಾಪಾರ ಆದದ್ದು ಅದರ ಮೇಲೆ.

ಮಾತು ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು ಮಾತಾಡಿದಳು. ಅವಳು, ಅವಳ ಅಣ್ಣ, ಚಿಕ್ಕಪ್ಪನ ಮಗ, ತಲಾ 8 ಲಕ್ಷ ಹಾಕಿ ಸುಂಟಿಕೊಪ್ಪದಲ್ಲಿ ಒಂದು ಮನೆ ನೋಡಿದ್ದಾರಂತೆ. ಮೊದಲು ಏನು ಮಾಡಬೇಕು ಸಾರ್ ಅಂದಳು. ಇವತ್ತು ರಾತ್ರಿ ಮೂರೂ ಜನ ಬೇರೆ ಬೇರೆ ಕೂತು ಒಂದೊಂದು ಚೀಟಿ ಬರೆಯಿರಮ್ಮ ಅಂದೆ. ದುಡ್ಡು ಎಲ್ಲಿಂದ ಬರುತ್ತಿದೆ, ಯಾವ ತಿಂಗಳಿಗೆ ವಾಪಸ್ ಬೇಕು, ಇನ್ನೂ ಬೇಕು ಅಂದರೆ ಎಷ್ಟು ಹಾಕಬಹುದು. ಒಬ್ಬರದ್ದು ಒಬ್ಬರು ನೋಡಬೇಡಿ. ಬರೆದಾದ ಮೇಲೆ ಒಟ್ಟಿಗೆ ಬಿಚ್ಚಿ.

ಬುಧವಾರ ಫೋನ್ ಮಾಡಿದಳು. ಚಿಕ್ಕಪ್ಪನ ಮಗನ ಚೀಟಿಯಲ್ಲಿ ಮಾರ್ಚ್ ಅಂತ ಇತ್ತಂತೆ, ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ ಇಟ್ಟ ದುಡ್ಡು ಅದು. ಅವನನ್ನು ಬಿಟ್ಟು ಇಬ್ಬರೇ ಸೇರಿ 16 ಲಕ್ಷದೊಳಗೆ ಆಗುವ ಏನಾದರೂ ಸಣ್ಣದು ನೋಡುತ್ತಿದ್ದಾರೆ, ಸೋಮವಾರಪೇಟೆ ಕಡೆ ಒಂದು ಇದೆಯಂತೆ. ಶನಿವಾರ ನಾನೂ ಮೇಸ್ತ್ರಿಯೂ ಹೋಗುತ್ತಿದ್ದೇವೆ. ಮಳೆ ಇದ್ದರೆ ಒಳ್ಳೆಯದು ಅಂದಿದ್ದೇನೆ.